ಒಂದೇ ಡಯಲ್-ಅಪ್, ಎರಡು ಕಂಪ್ಯೂಟರ್: ಕೊನೆಗೂ ನಡೆಯಿತು

ಫೋನ್ ಲೈನಿನಲ್ಲಿ ಡಯಲ್ ಮಾಡಿ ಇಂಟರ್ನೆಟ್ ಕೊಡುವ (ಅದೇ ಡಯಲ್-ಅಪ್) ಮೋಡೆಮ್ ಇದ್ದದ್ದು ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿ. ಒಳಕೋಣೆಯ ಹಳೇ ವಿಂಡೋಸ್ 98 ಕಂಪ್ಯೂಟರಿಗೂ ಇಂಟರ್ನೆಟ್ ಬೇಕಿತ್ತು. ಎರಡರ ನಡುವೆ ಕ್ರಾಸ್‌ಓವರ್ ಕೇಬಲ್ (ಎರಡು ಕಂಪ್ಯೂಟರನ್ನು ನೇರವಾಗಿ ಜೋಡಿಸುವ ನೆಟ್‌ವರ್ಕ್ ಕೇಬಲ್) ಎಳೆದೆ, ಕಂಪ್ಯೂಟರುಗಳನ್ನು ಜೋಡಿಸುವ ಹಬ್ ಪೆಟ್ಟಿಗೆಗೆ ಸುಮ್ನೆ ದುಡ್ಡು ಯಾಕೆ ಅಂತ. ಎಕ್ಸ್‌ಪಿಯಲ್ಲಿ ಡಯಲ್-ಅಪ್ ಕನೆಕ್ಷನ್ನಿನ ಪ್ರಾಪರ್ಟೀಸ್ ತೆರೆದು, ಅಡ್ವಾನ್ಸ್ಡ್‌ನಲ್ಲಿ ಇಂಟರ್ನೆಟ್ ಶೇರಿಂಗ್‌ಗೆ ಟಿಕ್ ಹಾಕಿದರೆ ಅದರ ನೆಟ್‌ವರ್ಕ್ ಕಾರ್ಡಿಗೆ ತಾನಾಗಿಯೇ 192.168.0.1 ವಿಳಾಸ ಬರುತ್ತದೆ. ಆದರೂ ಹಳೇ ಕಂಪ್ಯೂಟರಿನಲ್ಲಿ ಒಂದು ಪುಟವೂ ತೆರೆಯಲಿಲ್ಲ. ಆ ವಿಳಾಸಕ್ಕೆ ಪಿಂಗ್ (ಆ ಕಡೆಯ ಕಂಪ್ಯೂಟರ್ ಉತ್ತರಿಸುತ್ತದೆಯೇ ಎಂದು ನೋಡುವ ಪರೀಕ್ಷೆ) ಮಾತ್ರ ಹೋಗುತ್ತಿತ್ತು. ಅಂದರೆ ಕೇಬಲ್ ಸರಿ ಇದೆ, ಅಲ್ವಾ? ಹುಡುಕಿದರೆ, ಹಳೇ ಕಂಪ್ಯೂಟರಿನಲ್ಲಿ ಹಿಂದೆ ಯಾರೋ ಕೈಯಾರೆ ತುಂಬಿದ್ದ ಗೇಟ್‌ವೇ (ಇಂಟರ್ನೆಟ್ಟಿಗೆ ಹೊರದಾರಿ), ಡಿಎನ್‌ಎಸ್ (ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ವಿಳಾಸಗಳು ಹಾಗೇ ಕೂತಿದ್ದವು. ಅವನ್ನು ಅಳಿಸಿ, ಐಪಿ (ನೆಟ್‌ವರ್ಕ್ ವಿಳಾಸ) ತಾನಾಗಿ ಪಡೆಯುವ ಆಯ್ಕೆ ಕೊಟ್ಟು ರೀಸ್ಟಾರ್ಟ್ ಮಾಡಿದೆ. ತೆರೆಯಿತು! ಖುಷಿಯೋ ಖುಷಿ. ಮೋಡೆಮ್ ಇರುವ ಕಂಪ್ಯೂಟರ್ ಆನ್ ಇರಲೇಬೇಕು. ಇನ್ನೊಂದು ಕಂಪ್ಯೂಟರ್ ಇಂಟರ್ನೆಟ್ ಕೇಳಿದಾಗ ಎಕ್ಸ್‌ಪಿ ತಾನೇ ಡಯಲ್ ಮಾಡುವ ಟಿಕ್ ತೆಗೆದಿಡಿ, ಇಲ್ಲದಿದ್ದರೆ ಫೋನ್ ಬಿಲ್ ಜಾಸ್ತಿ ಬರುತ್ತದೆ.