ಸದ್ದು ಎಷ್ಟು ದೂರ ಅನ್ನೋದಲ್ಲ, ಯಾವಾಗ ಅನ್ನೋದು

ಸಮುದ್ರದ ಬಿಸಿ ಅಳೆಯುವ ಸದ್ದಿನ ಯಂತ್ರಗಳನ್ನು ಪರೀಕ್ಷೆ ಮಾಡೋದು ನನ್ನ ಕೆಲಸ ಅಂದರೆ ಎಲ್ಲರೂ ಕೇಳುವುದು ಒಂದೇ: ಸದ್ದು ಎಷ್ಟು ದೂರ ಕೇಳಿಸುತ್ತೆ? ಆ ಪ್ರಶ್ನೆಗೆ 1991ರಲ್ಲೇ ಉತ್ತರ ಸಿಕ್ಕಿದೆ. ಸಮುದ್ರ ವಿಜ್ಞಾನಿ ವಾಲ್ಟರ್ ಮಂಕ್ ಅವರ ತಂಡ ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಹರ್ಡ್ ದ್ವೀಪದ ಹತ್ತಿರ 57 ಹರ್ಟ್ಸ್ ಸದ್ದು ಬಿಟ್ಟಾಗ ಅದು ಅಮೆರಿಕದ ಎರಡೂ ಕರಾವಳಿಗೆ ತಲುಪಿತ್ತು.

ನನ್ನ ತಲೆನೋವು ಸಮಯದ್ದು. ನೀರು ಬೆಚ್ಚಗಾದಷ್ಟೂ ಸದ್ದು ಬೇಗ ಓಡುತ್ತದೆ, ಅದು ತಲುಪುವ ಹೊತ್ತಿನಿಂದಲೇ ನಾವು ಬಿಸಿ ಅಳೆಯುವುದು. ಸಮುದ್ರದಲ್ಲಿ ಸದ್ದು 1000 ಕಿ.ಮೀ. ದಾಟಲು ಸುಮಾರು 11 ನಿಮಿಷ ಬೇಕು. ದಾರಿಯ ನೀರೆಲ್ಲ 0.01 ಡಿಗ್ರಿ ಬೆಚ್ಚಗಾದರೆ ಅದು 20 ಮಿಲಿಸೆಕೆಂಡ್ ಬೇಗ ಬರುತ್ತದೆ. ಅಷ್ಟೇ! ಯಂತ್ರವೇ ಅಷ್ಟು ಹಿಂದುಮುಂದು ಆದರೆ ಇನ್ನೇನು ಅಳೆದ ಹಾಗಾಯ್ತು?

ನಾವು ಪರೀಕ್ಷೆ ಮಾಡಿದ್ದು ನ್ಯೂಯಾರ್ಕ್ ರಾಜ್ಯದ ಸೆನೆಕಾ ಸರೋವರದಲ್ಲಿ. 250 ಹರ್ಟ್ಸ್ ಸದ್ದಿನ ಒಂದು ಅಲೆಯೇ ಆರು ಮೀಟರ್ ಹತ್ತಿರ ಬರುತ್ತದೆ, ತೊಟ್ಟಿಯಲ್ಲಿ ಗೋಡೆಗೆ ಬಡಿದ ಪ್ರತಿಧ್ವನಿ ಎಲ್ಲವನ್ನೂ ಕಲಸಿಬಿಡುತ್ತದೆ. ಈ ಸರೋವರ 180 ಮೀಟರ್‌ಗಿಂತ ಆಳ.

ಯಂತ್ರ ಅಂದರೆ ಎರಡೂ ತುದಿ ತೆರೆದ ಅಲ್ಯೂಮಿನಿಯಂ ಕೊಳವೆ, ದೊಡ್ಡ ಕೊಳಲಿನ ಹಾಗೆ. ಅದರ ಹೊರಗೆ ಕವಚದ ಹಾಗೆ ಸುತ್ತಿದ ತೋಳು ಜಾರಿದರೆ ಶ್ರುತಿ ಬದಲಾಗುತ್ತದೆ. ಇಳಿಸುವ ಮುಂಚೆ ಸೋಪಿನ ನೀರಲ್ಲಿ ಚೆನ್ನಾಗಿ ಒರೆಸಬೇಕು. ಮೈಗೆ ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಗ್ರಾಫು ಸುಮ್ನೆ ಕುಣಿಯುತ್ತದೆ. ಕೆಳಗೆ ಇಳಿಸಿದ ಮೇಲೂ ತಾಳ್ಮೆ ಬೇಕು, ಲೋಹ ನೀರಿನಷ್ಟೇ ತಣ್ಣಗಾಗುವವರೆಗೆ ರೀಡಿಂಗ್ ಒಂದು ಕಡೆ ನಿಲ್ಲುವುದಿಲ್ಲ.

ಜಾಸ್ತಿ ಹೊತ್ತು ತಿಂದದ್ದು ಈ ಶ್ರುತಿಯೇ. ಸರೋವರದ ತಳದ ನೀರು ಸಿಹಿ, 4 ಡಿಗ್ರಿಯಷ್ಟು ತಂಪು. ಅಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1420 ಮೀಟರ್, ಸಮುದ್ರದ ಒಂದು ಕಿ.ಮೀ. ಆಳದಲ್ಲಿ 1480ರ ಆಸುಪಾಸು. ಅದಕ್ಕೇ ಇಲ್ಲಿ ಹೊಂದಿಸಿದ ಶ್ರುತಿ ಅಲ್ಲಿ ನಾಲ್ಕೈದು ಪರ್ಸೆಂಟ್ ಮೇಲೆ ಹೋಗುತ್ತದೆ. ಶ್ರುತಿ ತಪ್ಪಿದರೆ ಸದ್ದು ಕುಗ್ಗುವುದು ಮಾತ್ರ ಅಲ್ಲ, ಹೊರಡುವ ಹೊತ್ತೂ ಜರುಗುತ್ತದೆ. ಪಕ್ಕದಲ್ಲೇ ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕ್ ಇಟ್ಟು, ಅದು ಕೇಳಿಸಿಕೊಂಡದ್ದಕ್ಕೆ ತಕ್ಕಂತೆ ತೋಳನ್ನು ಮೋಟಾರ್ ಸರಿಸುವಂತೆ ಮಾಡಿದ ಮೇಲೆಯೇ ನನಗೆ ಸಮಾಧಾನ. ಸದ್ದು ಎಷ್ಟು ಜೋರು ಅಂತ ತೋರಿಸುವ ಡೆಸಿಬಲ್ ಗ್ರಾಫ್ ಮಾತ್ರ ನೋಡಿ ಖುಷಿಪಡುವವರ ಜೊತೆ ನನಗೆ ಇದೇ ಜಗಳ.

ಯಂತ್ರದೊಳಗಿನ ಗಡಿಯಾರವನ್ನು ಇಳಿಸುವ ಮುಂಚೆ ಒಮ್ಮೆ, ಎತ್ತಿದ ಮೇಲೆ ಒಮ್ಮೆ ಜಿಪಿಎಸ್ ಜೊತೆ ತಾಳೆ ನೋಡುತ್ತೇವೆ. ಆದರೆ ಸಮುದ್ರದಲ್ಲಿ ಯಂತ್ರ ತಳಕ್ಕೆ ಕಟ್ಟಿದ ಉದ್ದನೆಯ ಹಗ್ಗದ ಮೇಲೆ ನಿಂತಿರುತ್ತದೆ, ಅಲ್ವಾ? ಪ್ರವಾಹಕ್ಕೆ ಅದು 15 ಮೀಟರ್ ವಾಲಿದರೂ 10 ಮಿಲಿಸೆಕೆಂಡ್ ಹೋಯಿತು. ಅದಕ್ಕೆ ತಳದಲ್ಲಿ ಟ್ರಾನ್ಸ್‌ಪಾಂಡರ್‌ಗಳನ್ನು (ಕರೆದರೆ ಸದ್ದಿನಲ್ಲೇ ಓಗೊಡುವ ಪೆಟ್ಟಿಗೆಗಳನ್ನು) ಇಟ್ಟು ಯಂತ್ರ ಎಲ್ಲಿದೆ ಅಂತ ಆಗಾಗ ಕೇಳುತ್ತಿರಬೇಕು. ಅದನ್ನು ಸರೋವರದಲ್ಲಿ ಪರೀಕ್ಷಿಸಿ ಪ್ರಯೋಜನವಿಲ್ಲ, ಅಲ್ಲಿ ಅಂಥ ಪ್ರವಾಹವೇ ಇಲ್ಲ.