ಹುಡುಗ–ಹುಡುಗಿ ಹೋಲಿಕೆ: ಟಿ-ಟೆಸ್ಟ್‌ಗೆ ಮುಂಚೆ ಮತ್ತು ನಂತರ

ಎಂ.ಎಡ್., ಸೈಕಾಲಜಿ ವಿದ್ಯಾರ್ಥಿಗಳು ಹುಡುಗ, ಹುಡುಗಿಯರ ಡೇಟಾ ಹಿಡಿದುಕೊಂಡು ನನ್ನ ಹತ್ತಿರ ಬಂದಾಗ ಕೇಳುವುದು ಒಂದೇ: ‘ಮೇಡಂ, ಟಿ-ಟೆಸ್ಟ್ ಸಾಕಲ್ವಾ?’ ಎರಡು ಗುಂಪುಗಳ ಸರಾಸರಿ ಹೋಲಿಸುವ ಆ ಲೆಕ್ಕವೊಂದೇ ಸಾಕಾಗುವುದಿಲ್ಲ.

ಎಸ್‌ಡಿಕ್ಯೂ (ಮಕ್ಕಳ ಭಾವನೆ, ನಡತೆ ಅಳೆಯುವ) ಪ್ರಶ್ನಾವಳಿಯನ್ನೇ ತೆಗೆದುಕೊಳ್ಳಿ. 1997ರಲ್ಲಿ ರಾಬರ್ಟ್ ಗುಡ್‌ಮನ್ ಪ್ರಕಟಿಸಿದ್ದು. 25 ಹೇಳಿಕೆ, ಐದು ಭಾಗ, ಒಂದೊಂದು ಹೇಳಿಕೆಗೆ 0, 1 ಅಥವಾ 2 ಅಂಕ. ಮೊದಲು 7, 11, 14, 21, 25ನೇ ಹೇಳಿಕೆಗಳ ಅಂಕ ತಿರುಗಿಸಿ. 0 ಇದ್ದಲ್ಲಿ 2, 2 ಇದ್ದಲ್ಲಿ 0. ಆಮೇಲೆ ಒಟ್ಟು ಅಂಕವೊಂದನ್ನೇ ನೋಡಿ ಕೂರಬೇಡಿ. ಸಾಮಾನ್ಯವಾಗಿ ಹುಡುಗಿಯರಿಗೆ ಭಾವನೆಯ ಭಾಗದಲ್ಲಿ ಜಾಸ್ತಿ ಬರುತ್ತದೆ, ಹುಡುಗರಿಗೆ ನಡತೆ ಮತ್ತು ಚಂಚಲತೆಯ ಭಾಗದಲ್ಲಿ. ಎರಡನ್ನೂ ಕೂಡಿಸಿದರೆ ‘ವ್ಯತ್ಯಾಸವೇ ಇಲ್ಲ’ ಅಂತ ಉತ್ತರ ಬರಬಹುದು.

ನಿಮ್ಮ ಡೇಟಾದಲ್ಲಿ ಹುಡುಗಿಯರೆಲ್ಲ ಬಾಲಕಿಯರ ಪ್ರೌಢಶಾಲೆಯವರು, ಹುಡುಗರೆಲ್ಲ ಬೇರೆ ಶಾಲೆಯವರೇ? ಹಾಗಿದ್ದರೆ ಕಾಣುತ್ತಿರುವುದು ಶಾಲೆಯ ವ್ಯತ್ಯಾಸವೋ ಲಿಂಗದ್ದೋ ಎಂದು ಯಾವ ಸಾಫ್ಟ್‌ವೇರೂ ಹೇಳದು. ಮೇಲಾಗಿ ಒಂದೇ ತರಗತಿಯ ಮಕ್ಕಳ ಉತ್ತರಗಳು ಒಂದಕ್ಕೊಂದು ಹೋಲುತ್ತವೆ. ತರಗತಿಗೆ 40 ಮಕ್ಕಳು, ಈ ಸಾಮ್ಯದ ಅಳತೆಯಾದ ಐಸಿಸಿ (ಇಂಟ್ರಾಕ್ಲಾಸ್ ಕೋರಿಲೇಶನ್) 0.05 ಎಂದುಕೊಳ್ಳಿ. 1 + 39 × 0.05 = 2.95. ಮಕ್ಕಳ ಸಂಖ್ಯೆಯನ್ನು ಇದರಿಂದ ಭಾಗಿಸಿ. ನಿಮ್ಮ 600 ಮಕ್ಕಳ ಬೆಲೆ ಸುಮಾರು 203 ಸ್ವತಂತ್ರ ಉತ್ತರಗಳಷ್ಟಕ್ಕೆ ಇಳಿಯಿತು! ಹುಡುಗ, ಹುಡುಗಿಯರು ಒಟ್ಟಿಗೆ ಕೂರುವ ತರಗತಿಗಳಾದರೆ ಹೋಲಿಕೆ ತರಗತಿಯೊಳಗೇ ನಡೆಯುತ್ತದೆ, ಪೆಟ್ಟು ಅಷ್ಟಿರುವುದಿಲ್ಲ. ಎರಡೂ ಕಡೆ ಮಲ್ಟಿಲೆವೆಲ್ ಮಾಡೆಲ್ (ಯಾವ ಮಗು ಯಾವ ತರಗತಿಯದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಮಾಡೆಲ್) ಹಾಕಿ. ಇದನ್ನು ಮಾಡುವ ಸಾಫ್ಟ್‌ವೇರ್‌ಗಳಾದ ಜಮೋವಿ, ಆರ್ ಎರಡೂ ಉಚಿತ.

ಪಿ-ವ್ಯಾಲ್ಯೂ (ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ಅಂತರ ಬರುವ ಸಾಧ್ಯತೆ) ಜೊತೆ ಕೋಹೆನ್‌ನ ಡಿ (ಅಂತರ ಎಷ್ಟು ದೊಡ್ಡದು ಎಂಬ ಅಳತೆ) ಕೊಡಿ. ಡಿ 0.2 ಎಂದರೆ ಏನು? ಒಬ್ಬ ಹುಡುಗಿ, ಒಬ್ಬ ಹುಡುಗನನ್ನು ಸುಮ್ನೆ ಆರಿಸಿದರೆ, 100ರಲ್ಲಿ 56 ಸಲ ಹುಡುಗಿಯ ಅಂಕ ಜಾಸ್ತಿ, 44 ಸಲ ಹುಡುಗನದು. ‘ಹುಡುಗಿಯರು ಹೀಗೆ, ಹುಡುಗರು ಹಾಗೆ’ ಎಂದು ಬರೆಯುವಷ್ಟು ಅಂತರವೇ ಇದು?

ನನಗೆ ನಿಜವಾಗಿ ಕಿರಿಕಿರಿ ಮಾಡುವುದು ಬೇರೆ. ಮೊಬೈಲ್ ಬಳಕೆಗೂ ಬೇಸರಕ್ಕೂ ಇರುವ ನಂಟನ್ನು ಹುಡುಗಿಯರಲ್ಲಿ ಒಮ್ಮೆ, ಹುಡುಗರಲ್ಲಿ ಒಮ್ಮೆ ಲೆಕ್ಕ ಹಾಕುತ್ತಾರೆ. ಹುಡುಗಿಯರಲ್ಲಿ ಪಿ 0.04, ರೂಢಿಯ 0.05 ಗಡಿಯೊಳಗೆ; ಹುಡುಗರಲ್ಲಿ 0.07, ಗಡಿಯಾಚೆ. ಕೂಡಲೇ ‘ಹುಡುಗಿಯರಿಗೆ ಮಾತ್ರ ತೊಂದರೆ’ ಎಂಬ ತೀರ್ಮಾನ! ಇವೆರಡರ ನಡುವಿನ ಅಂತರವನ್ನು ಯಾರೂ ಪರೀಕ್ಷಿಸಿಯೇ ಇಲ್ಲ. ಎಲ್ಲರನ್ನೂ ಒಂದೇ ಮಾಡೆಲ್‌ಗೆ ಹಾಕಿ, ‘ಲಿಂಗ × ಮೊಬೈಲ್’ ಎಂಬ ಇಂಟರ್ಯಾಕ್ಷನ್ (ಮೊಬೈಲ್‌ನ ನಂಟು ಲಿಂಗಕ್ಕೆ ತಕ್ಕಂತೆ ಎಷ್ಟು ಬದಲಾಗುತ್ತದೆ ಎಂಬ ಸಂಖ್ಯೆ) ಸೇರಿಸಿ. ಆ ಸಂಖ್ಯೆ ಮತ್ತು ಅದರ 95% ಕಾನ್ಫಿಡೆನ್ಸ್ ಇಂಟರ್ವಲ್ (ಆ ಅಂದಾಜು ಎಷ್ಟು ಹಿಂದೆಮುಂದೆ ಆಗಬಹುದು ಎಂಬ ವ್ಯಾಪ್ತಿ), ಇವೇ ನಿಮ್ಮ ಉತ್ತರ. ‘ಲಿಂಗ × ವಯಸ್ಸು’ ಕೂಡ ನೋಡಿ, ಏಕೆಂದರೆ ಖಿನ್ನತೆಯಲ್ಲಿ ಹುಡುಗ–ಹುಡುಗಿ ಅಂತರ ದೊಡ್ಡದಾಗುವುದು ಹದಿಹರೆಯ ಶುರುವಾದ ಮೇಲೆಯೇ.

ಇನ್ನು ಎಸ್‌ಡಿಕ್ಯೂನ 13ನೇ ಹೇಳಿಕೆ. ಅದರಲ್ಲಿ ಅಳುವ ಮಾತಿದೆ. ಹುಡುಗಿಯಷ್ಟೇ ನೊಂದ ಹುಡುಗ ಅದನ್ನು ಒಪ್ಪಿಕೊಳ್ಳದೆ ಬಿಡಬಹುದು. ಆರ್‌ನ ಲಾವಾನ್ ಪ್ಯಾಕೇಜ್‌ನಲ್ಲಿ ಮೆಷರ್‌ಮೆಂಟ್ ಇನ್ವೇರಿಯನ್ಸ್ (ಪ್ರಶ್ನಾವಳಿ ಎರಡೂ ಗುಂಪಿನಲ್ಲಿ ಒಂದೇ ರೀತಿ ಅಳೆಯುತ್ತದೆಯೇ ಎಂಬುದು) ಪರೀಕ್ಷಿಸಿ. ಅದು ಕಷ್ಟವಾದರೆ 13ನ್ನು ಬಿಟ್ಟು ಇನ್ನೊಮ್ಮೆ ಲೆಕ್ಕ ಹಾಕಿ. ಉತ್ತರ ಬದಲಾದರೆ ಎರಡನ್ನೂ ಕೋಷ್ಟಕದಲ್ಲಿ ಅಕ್ಕಪಕ್ಕ ಕೊಡಿ.