ಬಾಣಂತಿಯ ಬಿ.ಪಿ. ನೋಡುವುದು ಹೇಗೆ?

ಬಸಿರಿನಲ್ಲಿ ಏರಿದ ರಕ್ತದೊತ್ತಡ (ಬಿ.ಪಿ.) ಹೆರಿಗೆಯಾದೊಡನೆ ತಾನಾಗಿಯೇ ಇಳಿದುಬಿಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವಾಸ್ತವವಾಗಿ ಅದು ಮೂರನೆಯ ದಿನದಿಂದ ಆರನೆಯ ದಿನದೊಳಗೆ ಮತ್ತೆ ಏರುವುದುಂಟು. ಬಹುಪಾಲು ತಾಯಂದಿರು ಆ ವೇಳೆಗೆ ತವರಿನ ಹಾಸಿಗೆಯಲ್ಲಿರುತ್ತಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರಿಗೆ 3, 7, 14, 21, 28 ಮತ್ತು 42ನೇ ದಿನಗಳಂದು ಆಶಾ ಕಾರ್ಯಕರ್ತೆಯ ಮನೆಭೇಟಿ ನಿಗದಿಯಾಗಿದ್ದರೂ, ಮಗುವಿನ ತೂಕ ನೋಡಿ ಎದ್ದುಬಿಡುವವರನ್ನು ನಾನು ಬಹಳ ಕಂಡಿದ್ದೇನೆ.

ಮನೆಭೇಟಿಗೆ ಹೋದಾಗ, ಬಸಿರಿನಲ್ಲಿ ಬಿ.ಪಿ. ಏರಿತ್ತೇ, ಮಾತ್ರೆ ಬರೆದಿದ್ದಾರೆಯೇ ಎಂದು ಮೊದಲು ತಾಯಿ ಕಾರ್ಡ್ ಹಾಗೂ ಆಸ್ಪತ್ರೆಯ ಬಿಡುಗಡೆ ಚೀಟಿಯನ್ನು ಓದಿಕೊಳ್ಳಿ.

ಎಡವುವುದು ಅಳೆಯುವಾಗ. ತಾಯಿ ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಸರೆಯಿರುವಂತೆ, ಪಾದಗಳು ನೆಲಕ್ಕೆ ತಾಗುವಂತೆ ಐದು ನಿಮಿಷ ಸುಮ್ಮನೆ ಕುಳಿತಿರಬೇಕು; ಮಗು ಹಾಲು ಕುಡಿಯುತ್ತಿದ್ದರೆ ಮುಗಿಯುವವರೆಗೆ ಕಾಯಿರಿ. ಸ್ವೆಟರಿನ ತೋಳನ್ನು ಮೇಲಕ್ಕೆ ಸುತ್ತಿದರೆ ಅದೇ ಕೈಯನ್ನು ಬಿಗಿಯುವುದರಿಂದ ಕೈಯನ್ನು ಸ್ವೆಟರಿನಿಂದ ಪೂರ್ತಿ ಹೊರತೆಗೆದು, ಬಿ.ಪಿ. ಯಂತ್ರದ ಪಟ್ಟಿಯ ಕೆಳಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರುವಂತೆ ಕಟ್ಟಿ, ಕೈಯನ್ನು ದಿಂಬಿನ ಮೇಲೆ ಎದೆಯ ಮಟ್ಟಕ್ಕೆ ಇರಿಸಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿ.ಪಿ. ಕಾಣಿಸುತ್ತದೆ. ಮಣಿಕಟ್ಟಿಗೆ ಕಟ್ಟುವ ಅಗ್ಗದ ಯಂತ್ರಗಳನ್ನು ದಯವಿಟ್ಟು ಕೊಳ್ಳಬೇಡಿ. ಅಳೆಯುವಾಗ ಯಾರೂ ತಾಯಿಯನ್ನು ಮಾತನಾಡಿಸಬಾರದು, ಅತ್ತೆಯವರೂ ಸೇರಿದಂತೆ. ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ನೋಡಿ, ಎರಡೂ ಸಲದ ಅಂಕಿಗಳನ್ನು ಅಲ್ಲಿಯೇ ಬರೆಯಿರಿ. ದಾರಿಯಲ್ಲಿ ನೆನಪಿಸಿಕೊಂಡು ಬರೆದ ಅಂಕಿ ಯಾವಾಗಲೂ 120/80 ಆಗಿರುತ್ತದೆ.

ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿದರೆ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಿ. 160 ಅಥವಾ 110 ಮುಟ್ಟಿದರೆ 108ಕ್ಕೆ ಕರೆ ಮಾಡಿ, ವಾಹನ ಬರುವಷ್ಟರಲ್ಲಿ, ಹದಿನೈದು ನಿಮಿಷದೊಳಗೆ, ಮತ್ತೊಮ್ಮೆ ಅಳೆಯಿರಿ. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಉಸಿರುಗಟ್ಟುವಿಕೆ ಇದ್ದರೆ ಅಂಕಿ ಕಡಿಮೆಯಿದ್ದರೂ ಆಸ್ಪತ್ರೆಗೆ ಕಳುಹಿಸಿ. ಬಾಣಂತಿಯ ತಲೆನೋವನ್ನು ಥಂಡಿಯೆಂದು ತಿಳಿದು ಕಿವಿಗೆ ಇನ್ನೊಂದು ಬಟ್ಟೆ ಬಿಗಿಯುವ ಮನೆಗಳಲ್ಲಿ ಇದನ್ನು ಹಿರಿಯರಿಗೇ ಹೇಳಬೇಕು. ಫಿಟ್ಸ್ ಬಂದರೆ ಎಡಮಗ್ಗುಲಿಗೆ ಹೊರಳಿಸಿ. ಕೈಗೆ ಬೀಗದ ಕೈ ಕೊಡುವುದಾಗಲಿ, ಬಾಯಿಗೆ ನೀರು ಹಾಕುವುದಾಗಲಿ ಬೇಡ.

ಬಿ.ಪಿ. ಮಾತ್ರೆ ಕೊಟ್ಟಿದ್ದರೆ, ಸರಿಯಾಗಿ ನುಂಗುತ್ತಿದ್ದಾರೆಯೇ ಎಂದು ಉಳಿದ ಮಾತ್ರೆಗಳನ್ನು ಎಣಿಸಿ ನೋಡಿ. ಹಾಲಿಗೆ ತೊಂದರೆಯಾಗುತ್ತದೆಂದು ಹೆದರಿ ನಿಲ್ಲಿಸುವವರು ಅನೇಕರು; ನಿಫೆಡಿಪಿನ್, ಲ್ಯಾಬೆಟಲಾಲ್ ಎಂಬ ಬಿ.ಪಿ. ಮಾತ್ರೆಗಳನ್ನು ಸೇವಿಸುತ್ತಲೇ ಹಾಲೂಡಿಸಬಹುದು. ಬಿ.ಪಿ. ಇಳಿಯಿತೆಂದು ಮಾತ್ರೆ ಬಿಡಿಸುವ ನಿರ್ಧಾರ ವೈದ್ಯರದು. 42ನೇ ದಿನವೂ ಬಿ.ಪಿ. ಹೆಚ್ಚಿದ್ದರೆ ಚೀಟಿಯೊಡನೆ ತಾಲ್ಲೂಕು ಆಸ್ಪತ್ರೆಗೆ ಕಳುಹಿಸಿ, ಆಕೆ ಗಂಡನ ಮನೆಗೆ ಹಿಂದಿರುಗುವ ಮೊದಲು ಅಲ್ಲಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ತಿಳಿಸಿ.